ಕಡತದಲ್ಲಿ ಕಾಯಿಲೆ ಎಲ್ಲಿದೆ?

ಮೊದಲ ಕೆಲಸದಲ್ಲಿ ನಾನೊಂದು ಆಸ್ಪತ್ರೆಗೆ ಸಾಫ್ಟ್‌ವೇರ್ ಬರೆದಿದ್ದೆ. ರೋಗಿ, ಡಾಕ್ಟರು, ಲ್ಯಾಬ್, ಬಿಲ್ಲು... ಎಲ್ಲಕ್ಕೂ ಒಂದೊಂದು ಟೇಬಲ್. ಡೆಮೋ ನೋಡಿದ ಹಿರಿಯ ಡಾಕ್ಟರೊಬ್ಬರು "ಈಯಮ್ಮನಿಗೆ ಏನು ತೊಂದರೆ ಅಂತ ಎಲ್ಲಿದೆಯಪ್ಪಾ?" ಅಂದರು. ಎಲ್ಲೂ ಇರಲಿಲ್ಲ!

ಇದನ್ನೇ ಅಮೆರಿಕದ ಡಾ. ಲಾರೆನ್ಸ್ ವೀಡ್ 1968ರಲ್ಲೇ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬರೆದಿದ್ದರಂತೆ. ಆಗಿನ ಕಡತಗಳಲ್ಲಿ ಡಾಕ್ಟರ ಟಿಪ್ಪಣಿ ಒಂದು ಕಡೆ, ಲ್ಯಾಬ್ ರಿಪೋರ್ಟು ಇನ್ನೊಂದು ಕಡೆ, ಥೇಟ್ ನನ್ನ ಟೇಬಲ್‌ಗಳ ಹಾಗೆ. ವೀಡ್ ರೋಗಿಯ ತೊಂದರೆಗಳಿಗೆ ನಂಬರ್ ಕೊಟ್ಟು, ಟಿಪ್ಪಣಿಗಳನ್ನೆಲ್ಲ ಅವಕ್ಕೇ ಜೋಡಿಸಿದರು: ರೋಗಿ ಹೇಳಿದ್ದು, ಡಾಕ್ಟರು ಕಂಡಿದ್ದು, ಅಂದಾಜು, ಮುಂದೇನು. ಡಾಕ್ಟರುಗಳ 'ಸೋಪ್' ನೋಟ್ ಇದೇ. (ಬಟ್ಟೆ ಸೋಪಲ್ಲ!)

ನಾವು ಕಾಲೇಜಲ್ಲಿ ಉರು ಹೊಡೆದ ಪೀಟರ್ ಚೆನ್‌ರ ಇ-ಆರ್ ಮಾಡೆಲ್ ಬಂದಿದ್ದು 1976ರಲ್ಲಿ.

ಕೊನೆಗೆ 'ತೊಂದರೆ' ಅಂತಲೇ ಒಂದು ಟೇಬಲ್ ಮಾಡಿದೆ. ಅರ್ಧ ಸ್ಕ್ರೀನುಗಳನ್ನು ಮತ್ತೆ ಬರೆಯಬೇಕಾಗಿ, ಮ್ಯಾನೇಜರ್ ಹತ್ರ ಚೆನ್ನಾಗಿ ಬೈಸಿಕೊಂಡೆ.