ಮೊದಲು ವಿನ್ಯಾಸ, ಆಮೇಲೆ ಲೆಕ್ಕ: ಮನೋವಿಜ್ಞಾನಕ್ಕೆ ಸಂಖ್ಯಾಶಾಸ್ತ್ರ ಬಂದ ದಾರಿ

ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂ ಎಂಬ ಊರಿನ ಮಾನಸಿಕ ಆಸ್ಪತ್ರೆಯಲ್ಲಿ ಕಳೆದ ಶತಮಾನದ ಆರಂಭಕ್ಕೆ ಕೆಲವು ರೋಗಿಗಳಿಗೆ ನಿದ್ರೆಯ ಔಷಧಗಳನ್ನು ಕೊಟ್ಟು ಪರೀಕ್ಷಿಸಲಾಯಿತು. ಒಂದು ರಾತ್ರಿ ಔಷಧ, ಮರುರಾತ್ರಿ ಏನೂ ಇಲ್ಲ, ಹೀಗೆ ಸರದಿ. ಔಷಧ ಕೊಟ್ಟ ರಾತ್ರಿ ಎಷ್ಟು ಗಂಟೆ ಹೆಚ್ಚು ನಿದ್ದೆ ಬಂತು ಎಂಬುದನ್ನು ಕುಶ್ನಿ ಮತ್ತು ಪೀಬಲ್ಸ್ ಎಂಬ ಸಂಶೋಧಕರು 1905ರಲ್ಲಿ ಪ್ರಕಟಿಸಿದರು. ಅವರಿಗೆ ಬೇಕಿದ್ದದ್ದು ಔಷಧದ ಗುಣ, ಅಷ್ಟೇ. ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಂಪನಿಯಲ್ಲಿ ಕೆಲಸಕ್ಕಿದ್ದ ವಿಲಿಯಂ ಸೀಲಿ ಗಾಸೆಟ್ ಆ ಕೋಷ್ಟಕದಿಂದ ಹತ್ತು ರೋಗಿಗಳ ಅಂಕಿಗಳನ್ನು ಎತ್ತಿಕೊಂಡು, 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ 1908ರಲ್ಲಿ ಬರೆದ ಲೇಖನಕ್ಕೆ ಉದಾಹರಣೆಯಾಗಿ ಬಳಸಿದ. ಇವತ್ತು ಮನೋವಿಜ್ಞಾನದ ಪದವಿ ವಿದ್ಯಾರ್ಥಿ ಕಲಿಯುವ ಟಿ-ಪರೀಕ್ಷೆಗೆ ಆ ಲೇಖನವೇ ಮೂಲ.

ಅಂಕಿಗಳನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಮೊದಲ ಔಷಧದಿಂದ ಸರಾಸರಿ 0.75 ಗಂಟೆ ಹೆಚ್ಚು ನಿದ್ದೆ, ಎರಡನೆಯದರಿಂದ 2.33 ಗಂಟೆ. ಅಂತರ 1.58 ಗಂಟೆ. ಈ ಇಪ್ಪತ್ತು ಅಂಕಿಗಳು ಇಪ್ಪತ್ತು ಬೇರೆ ಬೇರೆ ಜನರಿಂದ, ಎರಡು ಪ್ರತ್ಯೇಕ ಗುಂಪುಗಳಿಂದ ಬಂದವು ಎಂದುಕೊಂಡು ಲೆಕ್ಕ ಹಾಕಿದರೆ ಟಿ ಮೌಲ್ಯ 1.86, ಪಿ (ಔಷಧಗಳ ನಡುವೆ ನಿಜವಾಗಿ ಅಂತರವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಆಕಸ್ಮಿಕವಾಗಿ ಕಾಣುವ ಸಾಧ್ಯತೆ) ಸುಮಾರು 0.08. ಅಂದರೆ ರೂಢಿಯ ಪ್ರಕಾರ 'ಸಾರ್ಥಕವಲ್ಲ'. ಆದರೆ ಎರಡೂ ಔಷಧಗಳನ್ನು ತೆಗೆದುಕೊಂಡವರು ಅದೇ ಹತ್ತು ಮಂದಿ. ಒಬ್ಬೊಬ್ಬರ ಎರಡು ಅಂಕಿಗಳ ಅಂತರ ತೆಗೆದರೆ ಸಿಗುವುದು ಇಷ್ಟು: 1.2, 2.4, 1.3, 1.3, 0, 1.0, 1.8, 0.8, 4.6, 1.4. ಒಂಬತ್ತು ಧನ, ಒಂದು ಸೊನ್ನೆ, ಋಣ ಒಂದೂ ಇಲ್ಲ. ಈಗ ಟಿ 4.06, ಪಿ ಸುಮಾರು 0.003. ಅಂಕಿ ಒಂದೂ ಬದಲಾಗಲಿಲ್ಲ, ಸರಾಸರಿಯೂ ಬದಲಾಗಲಿಲ್ಲ. ಬದಲಾದದ್ದು ಆ ಅಂಕಿಗಳನ್ನು ಹೇಗೆ ಸಂಗ್ರಹಿಸಲಾಯಿತು ಎಂಬ ಬಗ್ಗೆ ನಮಗಿರುವ ತಿಳಿವಳಿಕೆ ಮಾತ್ರ.

ಗಾಸೆಟ್ ಇದನ್ನು ಸರಿಯಾಗಿಯೇ ಹಿಡಿದಿದ್ದ. ಎರಡನೆಯ ಔಷಧವೇ ಮೇಲು ಎನ್ನುವುದರ ಪರವಾಗಿ 666, ವಿರುದ್ಧವಾಗಿ 1ರಷ್ಟು ಸಾಧ್ಯತೆ ಇದೆ ಎಂದು ಬರೆದ. ಔಷಧಗಳ ಹೆಸರನ್ನು ಮಾತ್ರ ತಪ್ಪಾಗಿ ಬರೆದುಕೊಂಡಿದ್ದ! ಆ ತಪ್ಪು ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್‌ನ 1925ರ ಪುಸ್ತಕಕ್ಕೂ ಹಾಗೆಯೇ ಇಳಿಯಿತು. ಇತಿಹಾಸದ ಮೊದಲ ಟಿ-ಪರೀಕ್ಷೆ ಲೆಕ್ಕದಲ್ಲಿ ಸರಿ, ಕೋಷ್ಟಕದ ತಲೆಬರಹದಲ್ಲಿ ತಪ್ಪು.

ಮನೋವಿಜ್ಞಾನದಲ್ಲಿ ಸಂಖ್ಯಾಶಾಸ್ತ್ರದ ಇತಿಹಾಸವನ್ನು ಸಾಮಾನ್ಯವಾಗಿ ಸೂತ್ರಗಳ ಇತಿಹಾಸವಾಗಿ ಬರೆಯುತ್ತಾರೆ: ಗಾಲ್ಟನ್, ಪಿಯರ್ಸನ್, ಸ್ಟೂಡೆಂಟ್, ಫಿಷರ್ ಎಂದು ಸಾಲಾಗಿ. ನನ್ನ ವಾದ ಬೇರೆ. ಈ ಶಾಸ್ತ್ರದ ಗಟ್ಟಿ ಕಾಲಗಳಲ್ಲೆಲ್ಲ ವಿನ್ಯಾಸವೇ ಸಂಖ್ಯೆಗೆ ಅರ್ಥ ಕೊಟ್ಟಿದೆ. 1940ರ ನಂತರದ ಪಠ್ಯಪುಸ್ತಕಗಳು ಪರೀಕ್ಷೆಯನ್ನು ವಿನ್ಯಾಸದಿಂದ ಬಿಡಿಸಿ ಬೇರೆಯಾಗಿ ಕಲಿಸತೊಡಗಿದ ಮೇಲೆ ತೊಂದರೆ ಶುರುವಾಯಿತು.

ಭಾರದ ಪ್ರಯೋಗಗಳು

ಮನಸ್ಸನ್ನು ಅಳೆಯುವ ಕೆಲಸಕ್ಕೆ ಸಂಭವನೀಯತೆಯ ಗಣಿತವನ್ನು ಮೊದಲು ಗಂಭೀರವಾಗಿ ಹಚ್ಚಿದವನು ಲೈಪ್‌ಜಿಗ್‌ನ ಗುಸ್ತಾವ್ ಫೆಕ್ನರ್. ಕೈಯಲ್ಲಿ ಎರಡು ಭಾರಗಳನ್ನು ಎತ್ತಿ ಯಾವುದು ಹೆಚ್ಚು ತೂಕದ್ದು ಎಂದು ಹೇಳುವುದು ಅವನ ಪ್ರಯೋಗ. ಪ್ರಯೋಗ ಮಾಡುವವನೂ ಅವನೇ, ಪ್ರಯೋಗಕ್ಕೆ ಒಳಗಾಗುವವನೂ ಅವನೇ. ಒಂದೇ ಸರಣಿಯಲ್ಲಿ 24,576 ಬಾರಿ ಹಾಗೆ ತೀರ್ಪು ಕೊಟ್ಟ ದಾಖಲೆ ಇದೆ. ಸರಿ ಮತ್ತು ತಪ್ಪು ಉತ್ತರಗಳ ಪ್ರಮಾಣವನ್ನು ಖಗೋಳಶಾಸ್ತ್ರಜ್ಞರು ಬಳಸುತ್ತಿದ್ದ ದೋಷದ ವಕ್ರರೇಖೆಗೆ ಹೊಂದಿಸಿ, 1860ರಲ್ಲಿ ಪ್ರಕಟವಾದ ತನ್ನ ಮನೋಭೌತಶಾಸ್ತ್ರದ ಗ್ರಂಥದಲ್ಲಿ ಮಂಡಿಸಿದ. ಒಂದು ಮಿತಿಗಿಂತ ಚಿಕ್ಕದಾದ ವ್ಯತ್ಯಾಸ ನಮ್ಮ ಅರಿವಿಗೆ ಬರುವುದೇ ಇಲ್ಲ ಎಂಬುದು ಅವನ ನಿಲುವು.

ಆ ಮಿತಿಯನ್ನು ಪ್ರಶ್ನಿಸಲು ಹೊರಟವರು ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿದ್ದ ತತ್ತ್ವಜ್ಞಾನಿ ಚಾರ್ಲ್ಸ್ ಪರ್ಸ್ ಮತ್ತು ಅವನ ವಿದ್ಯಾರ್ಥಿ ಜೋಸೆಫ್ ಜಾಸ್ಟ್ರೊ. 1884ರಲ್ಲಿ ಮಂಡಿಸಿ ಮರುವರ್ಷ ಪ್ರಕಟಿಸಿದ ಅವರ ಪ್ರಬಂಧ ಸಂಶೋಧನಾ ವಿನ್ಯಾಸದ ಚರಿತ್ರೆಯಲ್ಲಿ ನನ್ನ ಮಟ್ಟಿಗೆ ಫಿಷರ್‌ನ ಪುಸ್ತಕಗಳಷ್ಟೇ ಮುಖ್ಯ. ಒಂದು ಕಿಲೋಗ್ರಾಮಿನ ಆಸುಪಾಸಿನ ಭಾರ. ಅದಕ್ಕೆ ತೀರ ಸಣ್ಣ ತೂಕವನ್ನು ಸೇರಿಸುವುದು ಅಥವಾ ತೆಗೆಯುವುದು. ಪ್ರಯೋಗ ನಡೆಸುವವನಿಗೂ ತೀರ್ಪು ಹೇಳುವವನಿಗೂ ನಡುವೆ ಪರದೆ. ಯಾವ ಸಲ ಭಾರ ಹೆಚ್ಚಬೇಕು, ಯಾವ ಸಲ ಇಳಿಯಬೇಕು ಎಂಬುದನ್ನು ಯಾರೂ ತಮ್ಮ ಮನಸ್ಸಿಗೆ ಬಂದಂತೆ ನಿರ್ಧರಿಸುವಂತಿಲ್ಲ. 25 ಇಸ್ಪೀಟು ಎಲೆಗಳ ಕಟ್ಟನ್ನು ಕಲಸಿ, ಕೆಂಪು ಎಲೆ ಬಂದರೆ ಒಂದು ಕ್ರಮ, ಕಪ್ಪು ಬಂದರೆ ಇನ್ನೊಂದು. ಒಂದು ಕಟ್ಟಿನಲ್ಲಿ 12 ಕೆಂಪು 13 ಕಪ್ಪು ಇದ್ದರೆ ಇನ್ನೊಂದರಲ್ಲಿ ಅದರ ತಿರುವುಮುರುವು. ಒಮ್ಮೆ ಕೂತರೆ 50 ಪ್ರಯತ್ನಗಳು, ಎರಡೂ ಬಣ್ಣ ಸಮಸಮ.

ಇಷ್ಟೆಲ್ಲ ಯಾಕೆ? ಮನುಷ್ಯ ತಾನಾಗಿ ಕ್ರಮ ಆರಿಸಿದರೆ ಅದರಲ್ಲಿ ಒಂದು ಲಯ ನುಸುಳುತ್ತದೆ, ಎದುರಿನವನು ಅದನ್ನು ಅರಿವಿಲ್ಲದೆಯೇ ಹಿಡಿದುಬಿಡುತ್ತಾನೆ. ಎಲೆಗಳಿಗೆ ಅಂಥ ಲಯ ಇಲ್ಲ. ಪ್ರತಿ ತೀರ್ಪಿನ ಜೊತೆಗೆ ಎಷ್ಟು ಖಾತ್ರಿ ಎಂದು 0ಯಿಂದ 3ರವರೆಗೆ ಅಂಕ ಕೊಡಬೇಕಿತ್ತು. 'ಸೊನ್ನೆ, ನನಗೇನೂ ಗೊತ್ತಾಗುತ್ತಿಲ್ಲ' ಎಂದ ಸಲವೂ ಉತ್ತರಗಳು ಅರ್ಧಕ್ಕಿಂತ ಹೆಚ್ಚು ಬಾರಿ ಸರಿಯಾಗಿದ್ದವು. ಫೆಕ್ನರ್ ಹೇಳಿದ ಗಟ್ಟಿ ಮಿತಿ ಅಲ್ಲಿಗೆ ಅಲುಗಾಡಿತು. (ಪ್ರಬಂಧದ ಕೊನೆಗೆ ಅವರು ಹೆಂಗಸರ ಒಳಅರಿವು, ದೂರಸಂವೇದನೆಗಳವರೆಗೂ ತಮ್ಮ ತೀರ್ಮಾನವನ್ನು ಎಳೆದರು ಎಂಬುದನ್ನು ಅವರ ಅಭಿಮಾನಿಗಳು ಹೇಳದೆ ಬಿಡುವುದೇ ಹೆಚ್ಚು.)

ಎಲೆ ಕಲಸುವ ಈ ಉಪಾಯ ತಕ್ಷಣ ಬೇರೂರಲಿಲ್ಲ. ಅದೇ 1885ರಲ್ಲಿ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಸ್ಮರಣೆಯ ಗ್ರಂಥ ಪ್ರಕಟಿಸಿದಾಗ ಅಲ್ಲಿಯೂ ಪ್ರಯೋಗಕ್ಕೆ ಒಳಗಾದವನು ಅವನೊಬ್ಬನೇ. ಕೂವರ್ ಮತ್ತು ಏಂಜೆಲ್ 1907ರಲ್ಲಿ ತರಬೇತಿ ಪಡೆಯದ ಹೋಲಿಕೆಯ ಗುಂಪನ್ನು ಬಳಸಿದರು. ಮನೋವಿಜ್ಞಾನದಲ್ಲಿ ನಿಯಂತ್ರಿತ ಗುಂಪಿನ ಆರಂಭವನ್ನು ಸಾಮಾನ್ಯವಾಗಿ ಅಲ್ಲಿಂದ ಎಣಿಸುತ್ತಾರೆ.

ಇನ್ನೊಂದು ಕವಲು: ಲಂಡನ್ನಿನಿಂದ ಮೈಸೂರಿಗೆ

ಪ್ರಯೋಗ ಮಾಡದೆ, ಇದ್ದ ವ್ಯತ್ಯಾಸಗಳನ್ನೇ ಅಳೆಯುವ ಪರಂಪರೆ ಇಂಗ್ಲೆಂಡಿನಲ್ಲಿ ಬೆಳೆಯಿತು. ಫ್ರಾನ್ಸಿಸ್ ಗಾಲ್ಟನ್ 1884ರ ಲಂಡನ್ ಆರೋಗ್ಯ ಪ್ರದರ್ಶನದಲ್ಲಿ ಮಳಿಗೆ ಹಾಕಿ, ತಲೆಗೆ ಮೂರು ಪೆನ್ನಿ ಪಡೆದು 9,337 ಜನರ ಎತ್ತರ, ದೃಷ್ಟಿ, ಹಿಡಿತದ ಬಲ ಮುಂತಾದವನ್ನು ಅಳೆದ. ಅಳೆಸಿಕೊಳ್ಳಲು ಜನರೇ ದುಡ್ಡು ಕೊಟ್ಟರು ಎಂಬುದು ಇಂದಿನ ಸಂಶೋಧಕರಿಗೆ ಹೊಟ್ಟೆಕಿಚ್ಚು ತರಿಸಬೇಕು. 1888ರಲ್ಲಿ ಅವನು ಸಹಸಂಬಂಧದ ಕಲ್ಪನೆಯನ್ನು ಮುಂದಿಟ್ಟ, ಕಾರ್ಲ್ ಪಿಯರ್ಸನ್ 1896ರಲ್ಲಿ ಅದಕ್ಕೆ ಸೂತ್ರ ಕೊಟ್ಟ. ಸೈನ್ಯಾಧಿಕಾರಿಯಾಗಿದ್ದು ಮನೋವಿಜ್ಞಾನಕ್ಕೆ ಬಂದ ಚಾರ್ಲ್ಸ್ ಸ್ಪಿಯರ್‌ಮನ್ 1904ರಲ್ಲಿ ಅದನ್ನು ಬುದ್ಧಿಶಕ್ತಿಯ ಅಧ್ಯಯನಕ್ಕೆ ಹಚ್ಚಿದ.

ಕರ್ನಾಟಕಕ್ಕೆ ಈ ಶಾಸ್ತ್ರ ಬಂದದ್ದು ಈ ಕವಲಿನಿಂದ. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಬಳಿ ತರಬೇತಿ ಪಡೆದ ಎಂ. ವಿ. ಗೋಪಾಲಸ್ವಾಮಿ 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಆರಂಭವಾದ ಮನೋವಿಜ್ಞಾನ ವಿಭಾಗವನ್ನು ನಡೆಸಿದರು. ಪಾಶ್ಚಾತ್ಯ ಬುದ್ಧಿಪರೀಕ್ಷೆಗಳನ್ನು ಇಲ್ಲಿನವರಿಗೆ ಹೊಂದಿಸಿದರು. ಮೈಸೂರಿನ ಜನ ಅವರನ್ನು ನೆನೆಯುವುದು 1935ರಲ್ಲಿ ಮನೆಯಲ್ಲೇ ಶುರುಮಾಡಿದ 'ಆಕಾಶವಾಣಿ' ಬಾನುಲಿ ಕೇಂದ್ರಕ್ಕಾಗಿ. ಸ್ಪಿಯರ್‌ಮನ್ನನ ಶಿಷ್ಯ ಎಂಬುದು ಹಿಂದಕ್ಕೆ ಸರಿದಿದೆ. ಕಲ್ಕತ್ತದ ವಿಭಾಗವನ್ನು ಕಟ್ಟಿದ ನರೇಂದ್ರನಾಥ ಸೇನ್‌ಗುಪ್ತರದು ಹಾರ್ವರ್ಡ್‌ನ ಪ್ರಯೋಗಾಲಯದ ಹಿನ್ನೆಲೆ. ಅಲ್ಲಿ ಪ್ರಯೋಗ, ಇಲ್ಲಿ ಪರೀಕ್ಷಾಪತ್ರಿಕೆ. ಲೀ ಕ್ರೋನ್‌ಬಾಕ್ 1957ರಲ್ಲಿ ಅಮೆರಿಕದ ಮನೋವಿಜ್ಞಾನ ಎರಡು ಶಿಸ್ತುಗಳಾಗಿ ಒಡೆದಿದೆ ಎಂದು ಗುರುತಿಸಿದ ಬಿರುಕು ನಮ್ಮಲ್ಲಿ ಬುನಾದಿಯಲ್ಲೇ ಇತ್ತು.

ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್ ಅವರ ಹೆಸರೂ ಇಲ್ಲಿ ಬರಬೇಕು. ಕೇಂಬ್ರಿಜ್‌ನಲ್ಲಿ ಫಿಷರ್ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದ ಮರುವರ್ಷ, 1949ರಲ್ಲಿ, ಪ್ಯಾಟ್ರಿಕ್ ಸ್ಲೇಟರ್ ಜೊತೆಗೂಡಿ ನ್ಯೂರೋಸಿಸ್ ರೋಗಿಗಳ ಗುಂಪುಗಳ ನಡುವಿನ ವ್ಯತ್ಯಾಸಕ್ಕೆ ಬಹುಚರ ವಿಶ್ಲೇಷಣೆಯನ್ನು ಅನ್ವಯಿಸಿದ ಲೇಖನವನ್ನು ಅವರು ಪ್ರಕಟಿಸಿದರು. ರಾವ್ ಕುರಿತ ಕನ್ನಡ ಬರಹಗಳಲ್ಲಿ ಇದು ಕಾಣಿಸುವುದು ಅಪರೂಪ.

ಎಂಟು ಕಪ್ ಚಹಾ ಮತ್ತು ಐದು ಶೇಕಡಾ

ಫಿಷರ್ ಮೊದಲು ಇದ್ದದ್ದು ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ; ಅವನ ಮುಂದಿದ್ದ ಪ್ರಶ್ನೆ ಗೊಬ್ಬರದ್ದು. ಆದರೆ 1935ರ ಪ್ರಯೋಗ ವಿನ್ಯಾಸದ ಗ್ರಂಥದ ಮೊದಲ ಉದಾಹರಣೆ ಅಪ್ಪಟ ಮನೋವಿಜ್ಞಾನದ್ದು. ಕಪ್ಪಿಗೆ ಮೊದಲು ಹಾಲು ಹಾಕಿದ್ದೋ ಚಹಾ ಹಾಕಿದ್ದೋ ಎಂದು ರುಚಿಯಿಂದಲೇ ಹೇಳಬಲ್ಲೆ ಎನ್ನುವ ಮಹಿಳೆ. ಎಂಟು ಕಪ್, ನಾಲ್ಕು ಹೀಗೆ, ನಾಲ್ಕು ಹಾಗೆ, ಕೊಡುವ ಕ್ರಮ ಯಾದೃಚ್ಛಿಕ. ಎಂಟರಲ್ಲಿ ನಾಲ್ಕನ್ನು ಆರಿಸಲು 70 ದಾರಿಗಳಿವೆ. ಬರೀ ಊಹೆಯಿಂದ ಎಲ್ಲವೂ ಸರಿಯಾಗುವ ಸಾಧ್ಯತೆ 70ರಲ್ಲಿ 1, ಅಂದರೆ 0.014. ಒಂದು ಜೋಡಿ ತಪ್ಪುವ ಸಾಧ್ಯತೆ 70ರಲ್ಲಿ 16. ಅದು ಲೆಕ್ಕಕ್ಕೆ ಬಾರದು. ಇಲ್ಲಿ ವಕ್ರರೇಖೆ ಬೇಡ, ಕೋಷ್ಟಕ ಬೇಡ. ಕಪ್ಪುಗಳ ಕ್ರಮವನ್ನು ಯಾದೃಚ್ಛಿಕವಾಗಿ ಜೋಡಿಸಿದ್ದರಿಂದಲೇ 70 ಎಂಬ ಛೇದಕ್ಕೆ ಬೆಲೆ ಬಂದಿದೆ. ಆ ಜೋಡಣೆ ಇಲ್ಲದಿದ್ದರೆ 0.014 ಎನ್ನುವುದು ಬರೀ ಭಾಗಾಕಾರ.

ಜೆರ್ಜಿ ನೇಮನ್ ಮತ್ತು ಈಗನ್ ಪಿಯರ್ಸನ್ 1933ರ ಹೊತ್ತಿಗೆ ಬೇರೆ ದಾರಿ ಹಿಡಿದಿದ್ದರು. ಅವರ ಪ್ರಕಾರ ಶೂನ್ಯ ಪ್ರಾಕ್ಕಲ್ಪನೆಯ ('ವ್ಯತ್ಯಾಸವೇ ಇಲ್ಲ' ಎಂಬ ಊಹೆಯ) ಎದುರು ಇನ್ನೊಂದು ಪ್ರಾಕ್ಕಲ್ಪನೆ ಇರಬೇಕು, ಎರಡು ಬಗೆಯ ತಪ್ಪುಗಳ (ಇಲ್ಲದ್ದನ್ನು ಇದೆ ಎನ್ನುವುದು, ಇರುವುದನ್ನು ಇಲ್ಲ ಎನ್ನುವುದು) ಪ್ರಮಾಣವನ್ನು ಮೊದಲೇ ನಿಗದಿ ಮಾಡಬೇಕು. ಫಿಷರ್‌ಗೆ ಇದು ಕಾರ್ಖಾನೆಯ ಸರಕು ತಪಾಸಣೆಯಂತೆ ಕಂಡಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಒಂದೇ ಕಟ್ಟಡದ ಬೇರೆ ಬೇರೆ ಮಹಡಿಗಳಲ್ಲಿದ್ದ ಎರಡು ಪಕ್ಷಗಳು ಕೊನೆತನಕ ರಾಜಿಯಾಗಲಿಲ್ಲ. ಸಾರ್ಥಕತೆಗೆ 5 ಶೇಕಡಾ ಅನುಕೂಲದ ಗೆರೆ ಎಂದು 1925ರಲ್ಲಿ ಹೇಳಿದ್ದ ಫಿಷರ್, 1956ರಲ್ಲಿ, ಯಾವ ವಿಜ್ಞಾನಿಯೂ ಎಲ್ಲ ಕಾಲಕ್ಕೂ ಒಂದೇ ಮಟ್ಟಕ್ಕೆ ಕಟ್ಟುಬೀಳುವುದಿಲ್ಲ ಎಂಬ ನಿಲುವಿಗೆ ಬಂದಿದ್ದ.

ಈ ಜಗಳ ವಿದ್ಯಾರ್ಥಿಗಳ ಕಿವಿಗೆ ಬೀಳಲೇ ಇಲ್ಲ. ಅಯೋವದಲ್ಲಿ ಜಾರ್ಜ್ ಸ್ನೆಡೆಕರ್ ಫಿಷರ್‌ನನ್ನು ಕರೆಸಿಕೊಂಡು ಅವನ ವಿಧಾನಗಳನ್ನು ಅಮೆರಿಕಕ್ಕೆ ಹರಡಿದ. ಅದೇ ರಾಜ್ಯದ ಲಿಂಡ್‌ಕ್ವಿಸ್ಟ್ 1940ರಲ್ಲಿ ಶಿಕ್ಷಣ ಸಂಶೋಧಕರಿಗೆ, ಗಿಲ್ಫರ್ಡ್ 1942ರಲ್ಲಿ ಮನೋವಿಜ್ಞಾನದವರಿಗೆ ಪುಸ್ತಕ ಬರೆದರು. ಯುದ್ಧ ಮುಗಿದ ಮೇಲೆ 'ಅನೋವ' ಎಂದು ಕರೆಯುವ ಪ್ರಸರಣ ವಿಶ್ಲೇಷಣೆ ಪತ್ರಿಕೆಗಳಲ್ಲಿ ವೇಗವಾಗಿ ಹಬ್ಬಿತು. ಗೆರ್ಡ್ ಗಿಗೆರೆಂಜರ್ ತೋರಿಸಿರುವಂತೆ, ಈ ಬಗೆಯ ಪಠ್ಯಗಳು ಫಿಷರ್‌ನ ಪಿ-ಮೌಲ್ಯವನ್ನೂ ನೇಮನ್‌ನ ನಿಗದಿತ ಮಟ್ಟವನ್ನೂ ಬೆರೆಸಿ, ಲೇಖಕರ ಹೆಸರನ್ನೇ ಅಳಿಸಿ, 'ಸಂಖ್ಯಾಶಾಸ್ತ್ರ ಹೀಗೆ ಹೇಳುತ್ತದೆ' ಎಂದು ಕಲಿಸಿದವು. ನನ್ನ ದೃಷ್ಟಿಯಲ್ಲಿ ಬೆರಕೆಗಿಂತ ದೊಡ್ಡ ನಷ್ಟ ಅಧ್ಯಾಯಗಳ ಹಂಚಿಕೆಯಲ್ಲಾಯಿತು. ಟಿ-ಪರೀಕ್ಷೆ ಒಂದು ಅಧ್ಯಾಯ, ಅನೋವ ಒಂದು ಅಧ್ಯಾಯ. ಅಂಕಿಗಳು ಎಲ್ಲಿಂದ ಬಂದವು, ಯಾರು ಯಾರನ್ನು ಯಾವ ಗುಂಪಿಗೆ ಹಾಕಿದರು ಎಂಬುದು ಲೆಕ್ಕದ ಮೇಲೆ ಬರೆದ ಒಂದು ಸಾಲು.

ತೊಂಬತ್ತೇಳು ಶೇಕಡಾ

ಪರಿಣಾಮವನ್ನು ಎಣಿಸಿ ತೋರಿಸಿದವನು ಥಿಯೊಡೋರ್ ಸ್ಟರ್ಲಿಂಗ್. 1959ರಲ್ಲಿ ಅವನು ನಾಲ್ಕು ಮನೋವಿಜ್ಞಾನ ಪತ್ರಿಕೆಗಳ 362 ಲೇಖನಗಳನ್ನು ನೋಡಿದ. ಸಾರ್ಥಕತಾ ಪರೀಕ್ಷೆ ಬಳಸಿದವು 294. ಅವುಗಳಲ್ಲಿ 286 ಶೂನ್ಯ ಪ್ರಾಕ್ಕಲ್ಪನೆಯನ್ನು ತಳ್ಳಿಹಾಕಿದ್ದವು. ಅಂದರೆ 97 ಶೇಕಡಾ. ಹೀಗೆ ಗೆಲ್ಲುತ್ತಲೇ ಇರುವ ಶಾಸ್ತ್ರ ಜಗತ್ತಿನಲ್ಲಿ ಎಲ್ಲಿದೆ? ಮೂರು ವರ್ಷಗಳ ಬಳಿಕ ಜೇಕಬ್ ಕೋಹೆನ್ 1960ರ ಒಂದು ಪತ್ರಿಕೆಯ 70 ಲೇಖನಗಳ ಸಾಮರ್ಥ್ಯವನ್ನು ಲೆಕ್ಕ ಹಾಕಿದ. ಮಧ್ಯಮ ಗಾತ್ರದ ಪರಿಣಾಮ ನಿಜವಾಗಿ ಇದ್ದರೂ ಅದನ್ನು ಕಂಡುಹಿಡಿಯುವ ಸರಾಸರಿ ಸಾಧ್ಯತೆ 0.48. ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಸಾಕು: ಅರ್ಧದಷ್ಟು ಬಾರಿ ಸೋಲಬೇಕಾದ ಅಧ್ಯಯನಗಳು ನೂರಕ್ಕೆ 97 ಬಾರಿ ಗೆದ್ದಿವೆ. ಸೋತವು ಎಲ್ಲಿ ಹೋದವು? ರಾಬರ್ಟ್ ರೋಸೆಂತಾಲ್ 1979ರಲ್ಲಿ ಹೇಳಿದಂತೆ, ಮೇಜಿನ ಡ್ರಾಯರಿಗೆ. ಆ ಕಾಲದ ಸಂಪಾದಕರ ಧೋರಣೆಯೂ ಹಾಗೆಯೇ ಇತ್ತು. ಒಂದು ಪ್ರತಿಷ್ಠಿತ ಪತ್ರಿಕೆಯ ಆರ್ಥರ್ ಮೆಲ್ಟನ್ 1962ರಲ್ಲಿ, 5 ಶೇಕಡಾ ಮಟ್ಟದ ಫಲಿತಾಂಶವನ್ನು ಪ್ರಕಟಿಸಲೂ ತಾನು ಹಿಂದೆಮುಂದೆ ನೋಡುತ್ತಿದ್ದುದಾಗಿ ಬರೆದ.

ಡ್ರಾಯರ್ ಅರ್ಧ ಕಾರಣ ಮಾತ್ರ. ಇನ್ನರ್ಧವನ್ನು 2011ರಲ್ಲಿ ಸಿಮನ್ಸ್, ನೆಲ್ಸನ್ ಮತ್ತು ಸೈಮನ್‌ಸನ್ ಕುಚೇಷ್ಟೆಯ ಧಾಟಿಯಲ್ಲಿ ಬಯಲಿಗಿಟ್ಟರು. 20 ವಿದ್ಯಾರ್ಥಿಗಳು, ಕೆಲವರಿಗೆ 64ರ ವಯಸ್ಸಿನ ಕುರಿತ ಬೀಟಲ್ಸ್ ಹಾಡು, ಕೆಲವರಿಗೆ ಬೇರೊಂದು ಸಂಗೀತ. ತಂದೆಯ ವಯಸ್ಸನ್ನು ಸರಿದೂಗಿಸಿದ ಮೇಲೆ, ಬೀಟಲ್ಸ್ ಕೇಳಿದವರು ಸುಮಾರು ಒಂದೂವರೆ ವರ್ಷ ಚಿಕ್ಕವರಾಗಿದ್ದರು, ಪಿ 0.040. ಹಾಡು ಕೇಳಿ ವಯಸ್ಸು ಇಳಿಯುವುದಿಲ್ಲ ಎಂದು ಯಾರಿಗೂ ಹೇಳಬೇಕಿಲ್ಲ. ಯಾದೃಚ್ಛಿಕ ಹಂಚಿಕೆ ಇತ್ತು, ಲೆಕ್ಕ ಸರಿ ಇತ್ತು. ಎಷ್ಟು ಜನ ಸಾಕು, ಯಾವ ಅಳತೆ ಇಟ್ಟುಕೊಳ್ಳಬೇಕು, ಯಾವುದನ್ನು ಸರಿದೂಗಿಸಬೇಕು ಎಂಬುದನ್ನು ಮಾತ್ರ ಅಂಕಿ ನೋಡಿದ ಮೇಲೆ ತೀರ್ಮಾನಿಸಲಾಗಿತ್ತು. ಇಂಥ ನಾಲ್ಕು ಸಣ್ಣ ಸ್ವಾತಂತ್ರ್ಯಗಳು ಒಟ್ಟುಗೂಡಿದರೆ, 5 ಶೇಕಡಾ ಎಂದು ಹೇಳಿಕೊಳ್ಳುವ ತಪ್ಪಿನ ಪ್ರಮಾಣ 61 ಶೇಕಡಾ ಮುಟ್ಟುತ್ತದೆ ಎಂದು ಅವರು ಗಣಕದ ಅನುಕರಣೆಯಿಂದ ತೋರಿಸಿದರು. 2015ರಲ್ಲಿ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ, ಮೂಲದಲ್ಲಿ 97 ಶೇಕಡಾ ಇದ್ದ ಸಾರ್ಥಕ ಫಲಿತಾಂಶ 36 ಶೇಕಡಾಕ್ಕೆ ಇಳಿಯಿತು.

2013ರಿಂದ ಕೆಲವು ಪತ್ರಿಕೆಗಳು ಕ್ರಮವನ್ನೇ ತಿರುಗಿಸಿವೆ. ಅಂಕಿ ಸಂಗ್ರಹಿಸುವ ಮೊದಲೇ ಪ್ರಶ್ನೆ, ವಿನ್ಯಾಸ, ಲೆಕ್ಕದ ಯೋಜನೆ ಮೂರನ್ನೂ ಕಳುಹಿಸಬೇಕು. ವಿಮರ್ಶಕರು ಒಪ್ಪಿದರೆ ಫಲಿತಾಂಶ ಏನೇ ಬಂದರೂ ಪ್ರಕಟಣೆ. ಶೀಲ್ ಮತ್ತು ಸಂಗಡಿಗರು 2021ರಲ್ಲಿ ಇಂಥ 71 ಲೇಖನಗಳನ್ನು ರೂಢಿಯ 152 ಲೇಖನಗಳೊಂದಿಗೆ ಹೋಲಿಸಿದರು. ರೂಢಿಯ ಲೇಖನಗಳಲ್ಲಿ ಮೊದಲ ಪ್ರಾಕ್ಕಲ್ಪನೆ ನಿಜವಾದದ್ದು 96 ಶೇಕಡಾ. ಸ್ಟರ್ಲಿಂಗ್ ಎಣಿಸಿದ ಕಾಲದಿಂದ ಹೆಚ್ಚೇನೂ ಕದಲಿಲ್ಲ. ಮೊದಲೇ ಒಪ್ಪಿಗೆ ಪಡೆದವುಗಳಲ್ಲಿ 44 ಶೇಕಡಾ. ಅಂತರ ಕಣ್ಣಿಗೆ ರಾಚುವಂತಿದೆ. ಆದರೆ ಈ 52 ಅಂಶಗಳಷ್ಟು ಅಂತರ ಪೂರ್ತಿ ಹೊಸ ಪದ್ಧತಿಯಿಂದಲೇ ಬಂತು ಎನ್ನುವಂತಿಲ್ಲ. ಆ ದಾರಿಯನ್ನು ಆರಿಸಿಕೊಂಡ ಸಂಶೋಧಕರು ಎತ್ತಿಕೊಂಡ ಪ್ರಶ್ನೆಗಳೇ ಹೆಚ್ಚು ಅನುಮಾನಾಸ್ಪದವಾಗಿದ್ದಿರಬಹುದು. ಯಾವ ಅಧ್ಯಯನ ಯಾವ ಪದ್ಧತಿಗೆ ಹೋಗಬೇಕೆಂದು ಯಾರೂ ಯಾದೃಚ್ಛಿಕವಾಗಿ ಹಂಚಿರಲಿಲ್ಲ.