ಕಂಪನಿ ಬಾಗಿಲಿಗೆ ವಾಪಸ್ ಬಂದ ಹಳೇ ಕಂಪ್ಯೂಟರ್

ನಮ್ಮ ಹರಿಯಬ್ಬೆ ಕಡೆ ಗುಜರಿ ಗಾಡಿ ಬಂತೆಂದರೆ ಮನೆಯಲ್ಲಿ ಕೆಟ್ಟು ಕೂತಿದ್ದೆಲ್ಲ ಹೊರಗೆ ಬರುತ್ತದೆ. ಒಡೆದ ಬಕೆಟ್ಟು, ಸುಟ್ಟುಹೋದ ಸ್ಟಾರ್ಟರ್, ಸತ್ತ ಮೊಬೈಲು, ಡಬ್ಬದಂಥ ಹಳೇ ಟಿವಿ. ಈಗೀಗ ಕಂಪ್ಯೂಟರೂ ಬರುತ್ತಿದೆ. ತೂಕಕ್ಕೆ ಹಾಕಿ, ಅವನು ಕೊಟ್ಟಷ್ಟು ದುಡ್ಡು ತಗೊಂಡು ಒಳಗೆ ಹೋಗುತ್ತೇವೆ. ಆಮೇಲೆ ಅದು ಎಲ್ಲಿಗೆ ಹೋಯಿತು, ಯಾರು ಒಡೆದರು ಎಂದು ಕೇಳುವವರಿಲ್ಲ.

ಸುಮಾರು ಇಪ್ಪತ್ತು ವರ್ಷದ ಹಿಂದೆ ಬೆಂಗಳೂರಿನಲ್ಲಿ ಕೆಲವರು ಈ ಪ್ರಶ್ನೆ ಕೇಳಿದರು. ಕೇಳಿದ್ದು ಗುಜರಿಯವನನ್ನಲ್ಲ, ಕಂಪ್ಯೂಟರ್ ಮಾಡಿ ಮಾರಿದ ಕಂಪನಿಯನ್ನು. ಆ ಕಂಪನಿ ವಿಪ್ರೊ.

ವಿಪ್ರೊ ಹುಟ್ಟಿದ್ದು ಕಂಪ್ಯೂಟರಿನಿಂದಲ್ಲ, ಎಣ್ಣೆಯಿಂದ. 1945ರಲ್ಲಿ ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯ ಅಮಳನೇರ್‌ನಲ್ಲಿ ಮೊಹಮ್ಮದ್ ಹಾಶಂ ಪ್ರೇಮ್‌ಜಿ ಎಣ್ಣೆ ಕಾರ್ಖಾನೆ ಶುರು ಮಾಡಿದರು. ರೈತರಿಂದ ಶೇಂಗಾ ಕೊಂಡು ವನಸ್ಪತಿ ಮಾಡುವುದು ಅದರ ಕೆಲಸ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳನ್ನು ನೋಡಿದ ನಮಗೆ ಇದು ಹೊಸ ಕಥೆಯೇನಲ್ಲ. 1966ರಲ್ಲಿ ತಂದೆ ತೀರಿಕೊಂಡಾಗ 21 ವರ್ಷದ ಅಜೀಂ ಪ್ರೇಮ್‌ಜಿ ಅಮೆರಿಕದ ಓದು ಬಿಟ್ಟು ಬಂದು ಕಂಪನಿ ವಹಿಸಿಕೊಂಡರು. ವಿದೇಶಿ ಬಂಡವಾಳದ ಕಾನೂನಿಗೆ ಒಪ್ಪದೆ ಐಬಿಎಂ ಕಂಪನಿ 1978ರಲ್ಲಿ ಭಾರತ ಬಿಟ್ಟಿತು. ಅದು ಖಾಲಿ ಮಾಡಿದ ಜಾಗಕ್ಕೆ ನಮ್ಮ ದೇಶದ ಕೆಲವು ಕಂಪನಿಗಳು ಬಂದವು. ವಿಪ್ರೊ ಕೂಡ 1980ರ ದಶಕದ ಆರಂಭದಲ್ಲಿ ಕಂಪ್ಯೂಟರ್ ತಯಾರಿಕೆಗೆ ಇಳಿಯಿತು.

ಬ್ಯಾಂಕು, ಕಾಲೇಜು, ಕಚೇರಿಗಳಿಗೆ ಕಂಪ್ಯೂಟರ್ ಬಂದವು. ಹಳೆಯದಾದವು. ಹೊರಗೆ ಹೋದವು. ಎಲ್ಲಿಗೆ? ಬೆಂಗಳೂರಿನ ಗೌರಿಪಾಳ್ಯದಂಥ ಕಡೆ, ಚಿಕ್ಕ ಚಿಕ್ಕ ಶೆಡ್ಡುಗಳಿಗೆ.

ಅಲ್ಲಿ ಏನಾಗುತ್ತದೆ ಎಂದು ತಿಳಿದರೆ ವಿಷಯದ ತೂಕ ಅರ್ಥವಾಗುತ್ತದೆ. ಹಳೇ ಮಾನಿಟರ್, ಟಿವಿಗಳ ಪಿಕ್ಚರ್ ಟ್ಯೂಬಿನ ಗಾಜಿನಲ್ಲಿ ಸೀಸ ಇರುತ್ತದೆ. ಮುಂಚಿನ ತೆಳು ಪರದೆಗಳ ಒಳಗಿನ ದೀಪದಲ್ಲಿ ಪಾದರಸ ಇರುತ್ತದೆ. ವೈರಿನ ಮೇಲಿನ ಪಿವಿಸಿ ಪ್ಲಾಸ್ಟಿಕ್ ಸುಟ್ಟರೆ ತಾಮ್ರ ಸಿಗುತ್ತದೆ, ಜೊತೆಗೆ ಡಯಾಕ್ಸಿನ್ ಎಂಬ ವಿಷವೂ ಹೊಗೆಯಲ್ಲಿ ಏಳುತ್ತದೆ. ಬೋರ್ಡುಗಳಲ್ಲಿರುವ ಚೂರು ಚಿನ್ನಕ್ಕಾಗಿ ಅವನ್ನು ಆಸಿಡ್ಡಿನಲ್ಲಿ ಅದ್ದುತ್ತಾರೆ. ಉಳಿದ ಆಸಿಡ್ ಚರಂಡಿಗೆ ಹೋಗುತ್ತದೆ. ಕೂಲಿ ಮಾಡುವವರ ಕೈಗೆ ಗ್ಲೌಸಿಲ್ಲ, ಮೂಗಿಗೆ ಬಟ್ಟೆಯಿಲ್ಲ.

2005ರಲ್ಲಿ ಗ್ರೀನ್‌ಪೀಸ್ ಎಂಬ ಪರಿಸರ ಸಂಘಟನೆಯವರು ಇಂಥ ಗುಜರಿಯಲ್ಲಿದ್ದ ವಿಪ್ರೊ ಹೆಸರಿನ ಹಳೇ ಕಂಪ್ಯೂಟರ್ ಭಾಗಗಳನ್ನು ಬೆಂಗಳೂರಿನಲ್ಲಿರುವ ಕಂಪನಿಯ ಮುಖ್ಯ ಕಚೇರಿಗೇ ತಂದು ಹಾಕಿದರು. ನಿಮ್ಮ ಸಾಮಾನು, ನೀವೇ ಇಟ್ಟುಕೊಳ್ಳಿ ಎಂಬುದು ಅದರ ಅರ್ಥ.

ಅದುವರೆಗಿನ ಲೆಕ್ಕವೇ ಬೇರೆ ಇತ್ತು. ಮಾರಿದ ಮೇಲೆ ಸಾಮಾನು ಕೊಂಡವನದು, ಕೆಟ್ಟ ಮೇಲೆ ಗುಜರಿಯವನದು. ಆ ದಿನ ಕೇಳಿದ ಹೊಸ ಲೆಕ್ಕ ಇಷ್ಟೇ: ಮಾಡಿದವನ ಹೊಣೆ ಅಂಗಡಿಯ ಬಾಗಿಲಲ್ಲಿ ಮುಗಿಯುವುದಿಲ್ಲ.

ಮುಂದಿನ ವರ್ಷಗಳಲ್ಲಿ ವಿಪ್ರೊ ತನ್ನ ಹಳೇ ಕಂಪ್ಯೂಟರುಗಳನ್ನು ವಾಪಸ್ ಪಡೆಯುವ ವ್ಯವಸ್ಥೆ ಮಾಡಿತು. 2010ರ ಜನವರಿಯಲ್ಲಿ ಪಿವಿಸಿಯೂ, ಬೆಂಕಿ ತಡೆಯಲು ಪ್ಲಾಸ್ಟಿಕ್ಕಿಗೆ ಬೆರೆಸುವ ಬ್ರೋಮಿನ್ ರಾಸಾಯನಿಕವೂ ಇಲ್ಲದ ಡೆಸ್ಕ್‌ಟಾಪ್ ಬಿಡುಗಡೆ ಮಾಡಿತು. 2012ರ ನವೆಂಬರಿನಲ್ಲಿ ಗ್ರೀನ್‌ಪೀಸ್ 16 ಎಲೆಕ್ಟ್ರಾನಿಕ್ ಕಂಪನಿಗಳಿಗೆ ಅಂಕ ಕೊಟ್ಟಾಗ ಎಚ್‌ಪಿ, ನೋಕಿಯಾಗಳನ್ನು ಹಿಂದೆ ಹಾಕಿ ವಿಪ್ರೊ ಮೊದಲ ಸ್ಥಾನಕ್ಕೆ ಬಂತು. ಸಿಕ್ಕಿದ್ದು ಹತ್ತಕ್ಕೆ 7.1. ಬಾಗಿಲಿಗೆ ಕಸ ತಂದವರೇ ಏಳು ವರ್ಷದ ಮೇಲೆ ಫಸ್ಟ್ ರ್‍ಯಾಂಕ್ ಕೊಟ್ಟರು.

ಅದೇ ವರ್ಷ ಮೇ 1ರಿಂದ ದೇಶದಲ್ಲಿ ಮೊದಲ ಇ-ತ್ಯಾಜ್ಯ ನಿಯಮಗಳು ಜಾರಿಗೆ ಬಂದವು. ಹಳೇ ಸಾಮಾನು ಸಂಗ್ರಹಿಸುವ ಹೊಣೆ ತಯಾರಕರದು ಎಂದು ಕಾನೂನೇ ಹೇಳಿತು. ಒಂದು ಕಂಪನಿಯ ಬಾಗಿಲಲ್ಲಿ ಎದ್ದ ಮಾತು ಎಲ್ಲ ಕಂಪನಿಗಳಿಗೂ ಅನ್ವಯವಾಯಿತು.

ಆದರೆ 2013ರಲ್ಲಿ ವಿಪ್ರೊ ತನ್ನ ಹೆಸರಿನ ಕಂಪ್ಯೂಟರ್ ತಯಾರಿಕೆಯನ್ನೇ ನಿಲ್ಲಿಸಿತು. ಕಾರ್ಖಾನೆ ನಿಂತರೂ ಅಲ್ಲಿಯವರೆಗೆ ಮಾರಿದ ಪೆಟ್ಟಿಗೆಗಳು ಮಾಯವಾಗುವುದಿಲ್ಲ. ಕಂಪನಿ ಧಂಧೆ ಬದಲಿಸಬಹುದು, ಸೀಸ ಮಾತ್ರ ಸೀಸವಾಗಿಯೇ ಉಳಿಯುತ್ತದೆ. ಒಂದು ಕಂಪನಿಯ ಒಳ್ಳೆಯತನವನ್ನೇ ನಂಬಿ ಕೂರಲು ಆಗದು, ಕಾನೂನು ಬೇಕು ಎನ್ನುವುದು ಇದಕ್ಕೇ.

ಹಾಗಾದರೆ ಸರಿಯಾಗಿ ಒಡೆಯುವ ಜಾಗ ಎಲ್ಲಿದೆ? ಹಿರಿಯೂರಿನಲ್ಲಿ ಬೆಂಗಳೂರು ಬಸ್ ಹತ್ತಿದರೆ ಶಿರಾ, ತುಮಕೂರು ದಾಟಿದ ಮೇಲೆ ದಾಬಸ್‌ಪೇಟೆ ಬರುತ್ತದೆ. ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ 2005ರಲ್ಲೇ ಇ-ಪರಿಸರ ಎಂಬ ಘಟಕ ಶುರುವಾಯಿತು. ಸರ್ಕಾರದ ಅನುಮತಿ ಪಡೆದ ದೇಶದ ಮೊದಲ ಇ-ತ್ಯಾಜ್ಯ ಘಟಕ ಅದು, ಸ್ಥಾಪಿಸಿದವರು ಪಿ. ಪಾರ್ಥಸಾರಥಿ. ಅಲ್ಲಿ ಸುಡುವುದಿಲ್ಲ. ಕೈಯಿಂದ ಬಿಚ್ಚಿ, ಗಾಜು, ಪ್ಲಾಸ್ಟಿಕ್, ಕಬ್ಬಿಣ, ತಾಮ್ರ ಎಂದು ಬೇರೆ ಮಾಡುತ್ತಾರೆ. ಮೊದಲ ವರ್ಷಗಳಲ್ಲಿ ಬೋರ್ಡುಗಳಿಂದ ಚಿನ್ನ, ಬೆಳ್ಳಿ ತೆಗೆಯಲು ಅವನ್ನು ಬೆಲ್ಜಿಯಂ ದೇಶದ ಕಾರ್ಖಾನೆಗೆ ಹಡಗಿನಲ್ಲಿ ಕಳಿಸುತ್ತಿದ್ದರು. ಆ ಹೆದ್ದಾರಿಯಲ್ಲಿ ನಾವು ಎಷ್ಟೋ ಸಲ ಓಡಾಡಿದ್ದೇವೆ. ನಮ್ಮ ಹಳೇ ಟಿವಿ ಮಾತ್ರ ಅಲ್ಲಿ ಇಳಿಯುವುದಿಲ್ಲ.

2023ರ ಏಪ್ರಿಲ್ 1ರಿಂದ ಹೊಸ ನಿಯಮ ಬಂದಿದೆ. 106 ಬಗೆಯ ಉಪಕರಣಗಳು ಅದರ ಪಟ್ಟಿಯಲ್ಲಿವೆ. ಈಗ ತಯಾರಕರು ನೋಂದಾಯಿತ ಮರುಬಳಕೆ ಘಟಕಗಳಿಂದ ಪ್ರಮಾಣಪತ್ರ ಕೊಂಡು ತಮ್ಮ ಪಾಲಿನ ಗುರಿ ತೋರಿಸಬಹುದು. ಲೆಕ್ಕ ಕಾಗದದ ಮೇಲೆ ಸರಿಹೋಗುತ್ತದೆ. ಆದರೆ ಆ ಲೆಕ್ಕ ತುಂಬಿಸಲು ಯಾರೂ ನಮ್ಮೂರಿನವರೆಗೆ ಗಾಡಿ ಕಳಿಸಬೇಕಾಗಿಲ್ಲ. ಹಳ್ಳಿಗೆ ಇವತ್ತಿಗೂ ಬರುವುದು ಗುಜರಿಯವನೊಬ್ಬನೇ. ಅವನನ್ನು ಬೈದು ಪ್ರಯೋಜನವಿಲ್ಲ. ಅವನಿಂದ ಮುಂದಿನ ದಾರಿ ದಾಬಸ್‌ಪೇಟೆಯಂಥ ಕಡೆಗೆ ಹೋಗುತ್ತದೋ, ಬೆಂಕಿಗೆ ಹೋಗುತ್ತದೋ ಎಂಬುದೇ ಪ್ರಶ್ನೆ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದನ್ನು ಮಾಡೋಣ. ತಾಮ್ರಕ್ಕಾಗಿ ವೈರ್ ಸುಡಬೇಡಿ. ಪಿಕ್ಚರ್ ಟ್ಯೂಬ್ ಒಡೆಯಬೇಡಿ. ಹಳೇ ಬ್ಯಾಟರಿ, ಮೊಬೈಲನ್ನು ತಿಪ್ಪೆಗೆ ಎಸೆಯಬೇಡಿ, ಏಕೆಂದರೆ ತಿಪ್ಪೆಯ ಗೊಬ್ಬರ ಹೋಗುವುದು ನಮ್ಮದೇ ಹೊಲಕ್ಕೆ. ಊರಿನದೆಲ್ಲ ಒಂದು ಒಣ ಕೋಣೆಯಲ್ಲಿ ಕೂಡಿಟ್ಟು, ವರ್ಷಕ್ಕೊಮ್ಮೆ ಅನುಮತಿ ಇರುವ ಘಟಕಕ್ಕೆ ಕಳಿಸಿ ಎಂದು ಗ್ರಾಮ ಸಭೆಯಲ್ಲಿ ಪಂಚಾಯ್ತಿಯವರನ್ನು ಕೇಳಿ.

ಇದನ್ನು ಓದುತ್ತಿರುವ ಫೋನಿನ ಡಬ್ಬ ಮನೆಯಲ್ಲಿದ್ದರೆ ಒಮ್ಮೆ ತಿರುಗಿಸಿ ನೋಡಿ. ಗಾಲಿ ಇರುವ ಕಸದ ಡಬ್ಬಿ, ಅದರ ಮೇಲೆ ಕಾಟು ಹಾಕಿದ ಗುರುತು ಕಾಣುತ್ತದೆ. ಇದನ್ನು ಕಸಕ್ಕೆ ಹಾಕಬೇಡಿ ಎಂದು ಕಂಪನಿಯೇ ಅಚ್ಚು ಹಾಕಿದೆ. ಹಾಗಾದರೆ ಎಲ್ಲಿಗೆ ಹಾಕಬೇಕು ಎಂದು ಅವರನ್ನು ಕೇಳುವ ಹಕ್ಕು ಹರಿಯಬ್ಬೆಯವರಿಗೂ ಇದೆ.