ಜಠರವನ್ನು ಕಂಡ ಬಗೆ

ಜಠರದ ಕ್ಯಾನ್ಸರಿನ ರೋಗಿಯನ್ನು ಎಂ.ಆರ್.ಐ. ಯಂತ್ರದೊಳಗೆ ಮಲಗಿಸುವ ಮುನ್ನ ಹಲವು ಗಂಟೆ ಉಪವಾಸವಿರಿಸುತ್ತಾರೆ. ಆಮೇಲೆ ಅರ್ಧ ಲೀಟರೋ ಅದಕ್ಕಿಂತ ಹೆಚ್ಚೋ ನೀರು ಕುಡಿಸಿ, ಒಂದು ಸೂಜಿಮದ್ದು ಕೊಟ್ಟು, ಉಸಿರು ಬಿಗಿಹಿಡಿಯುವುದನ್ನು ಅಭ್ಯಾಸ ಮಾಡಿಸುತ್ತಾರೆ. ಮೊದಲೇ ಅನ್ನ ಸೇರದ ಜೀವಕ್ಕೆ ಈ ಕಾಟವೇಕೆಂದು ಮನೆಯವರಿಗೆ ಅನಿಸಿದರೆ ತಪ್ಪಲ್ಲ. ಆದರೆ ಈ ಕಟ್ಟುಪಾಡುಗಳ ಹಿಂದೆ ದೊಡ್ಡದೊಂದು ಇತಿಹಾಸವುಂಟು.

1881ರ ಜನವರಿಯಲ್ಲಿ ವಿಯೆನ್ನಾದ ಬಿಲ್‌ರೋತ್ ಒಬ್ಬ ಹೆಂಗಸಿನ ಜಠರದ ಕ್ಯಾನ್ಸರ್ ಭಾಗವನ್ನು ಕತ್ತರಿಸಿ ತೆಗೆದು, ಉಳಿದುದನ್ನು ಕರುಳಿಗೆ ಹೊಲಿದನು. ಗಾಯ ಮಾಯಿತು. ಆಕೆ ಉಂಡಳು, ನಡೆದಾಡಿದಳು. ನಾಲ್ಕು ತಿಂಗಳೊಳಗೆ ತೀರಿಕೊಂಡಳು. ರೋಗ ಆಗಲೇ ಒಳಗೆಲ್ಲ ಹರಡಿತ್ತು. ಅದನ್ನು ಮೊದಲೇ ಕಾಣುವ ಉಪಾಯ ಅಂದು ಯಾರಲ್ಲಿಯೂ ಇರಲಿಲ್ಲ.

1895ರಲ್ಲಿ ಕ್ಷ-ಕಿರಣ ಬಂದಿತು. ಎಲುಬು ಕಂಡಿತು, ಜಠರ ಕಾಣಲಿಲ್ಲ. ಹಾರ್ವರ್ಡಿನಲ್ಲಿ ವೈದ್ಯ ವಿದ್ಯಾರ್ಥಿಯಾಗಿದ್ದ ವಾಲ್ಟರ್ ಕ್ಯಾನನ್ ಬೆಕ್ಕಿನ ಆಹಾರದಲ್ಲಿ ಬಿಸ್ಮತ್ ಲವಣ ಬೆರೆಸಿ ಆ ಕಿರಣದಲ್ಲಿ ನೋಡಿದನು. ಜಠರದ ಗೋಡೆ ಅಲೆಯಲೆಯಾಗಿ ಅಲುಗುತ್ತಿತ್ತು. ಬೆಕ್ಕು ಗಾಬರಿಗೊಂಡರೆ ಅಲೆ ನಿಲ್ಲುತ್ತಿತ್ತು, ಸಮಾಧಾನವಾದರೆ ಮತ್ತೆ ಏಳುತ್ತಿತ್ತು! ಭಯವಾದಾಗ ‘ಹೊಟ್ಟೆಯಲ್ಲಿ ಕಲಸಿದಂತಾಯಿತು’ ಎನ್ನುವವರು ನಾವು. ಅಲ್ಲಿ ನೋಡಿದರೆ ಕಲಸುವ ಕೆಲಸವೇ ನಿಂತುಹೋಗಿತ್ತು.

1904ರಲ್ಲಿ ಮ್ಯೂನಿಕ್ಕಿನ ರೀಡರ್ ರೋಗಿಗಳಿಗೆ ಬಿಸ್ಮತ್ ಬೆರೆಸಿದ ಗಂಜಿಯುಣಿಸಿ ಚಿತ್ರ ತೆಗೆದನು. ಆ ಲವಣ ಕೆಲವರಿಗೆ ವಿಷವಾಯಿತು. 1910ರಲ್ಲಿ ಬೇರಿಯಂ ಸಲ್ಫೇಟ್ ಅದರ ಸ್ಥಾನಕ್ಕೆ ಬಂದಿತು. 1950ರ ದಶಕದಲ್ಲಿ ಜಪಾನಿನ ಶಿರಾಕಾಬೆ ಮೊದಲಾದವರು ಬೇರಿಯಂ ಜತೆಗೆ ಗಾಳಿಯನ್ನೂ ತುಂಬಿದರು. ಜಠರ ಉಬ್ಬಿ, ಮಡಿಕೆಗಳು ಬಿಚ್ಚಿ, ಒಳಪದರಕ್ಕೆ ತೆಳ್ಳಗೆ ಬಳಿದ ಬೇರಿಯಂನಲ್ಲಿ ಸಣ್ಣ ಸಣ್ಣ ಕ್ಯಾನ್ಸರುಗಳೂ ಕಾಣತೊಡಗಿದವು.

1973ರಲ್ಲಿ ಲಾಟರ್‌ಬರ್ ಕಾಂತಕ್ಷೇತ್ರದಿಂದ ಚಿತ್ರ ತೆಗೆಯುವ ದಾರಿ ತೋರಿಸಿದ ಮೇಲೆ ಒಂದು ಸೋಜಿಗವಾಯಿತು. ಅಲ್ಲಿ ಮಿತ್ರನಾಗಿದ್ದ ಗಾಳಿ ಇಲ್ಲಿ ಶತ್ರು! ಗಾಳಿಯೂ ಮಾಂಸವೂ ಸಂಧಿಸುವಲ್ಲಿ ಕಾಂತಕ್ಷೇತ್ರ ಕದಡಿ ಚಿತ್ರ ಸೊಟ್ಟಗಾಗುತ್ತದೆ. ಆದುದರಿಂದಲೇ ನೀರು. ಬರಿದಾಗಿ ಕುಗ್ಗಿದ ಜಠರದ ಮಡಿಕೆ ಗಡ್ಡೆಯಂತೆ ಕಂಡೀತು. ನೀರು ಅದನ್ನು ಬಿಡಿಸುತ್ತದೆ. ಉಳಿದ ಗಾಳಿ ಗಡ್ಡೆಯಿಂದ ದೂರ ಸರಿಯಲೆಂದು ಕೆಲವೊಮ್ಮೆ ಬೋರಲು ಮಲಗಿಸುವುದೂ ಉಂಟು. ಕ್ಯಾನನ್ ಕಂಡ ಅಲೆಯನ್ನು ಹಯೋಸಿನ್ ಬ್ಯುಟೈಲ್ ಬ್ರೋಮೈಡ್ ಎಂಬ ಸೂಜಿಮದ್ದು ಸ್ವಲ್ಪ ಹೊತ್ತು ತಡೆಯುತ್ತದೆ. ಗ್ಲಾಕೋಮಾ ಎಂಬ ಕಣ್ಣುರೋಗ ಅಥವಾ ಹೃದ್ರೋಗ ಇರುವವರು ಅದನ್ನು ಮೊದಲೇ ಹೇಳಬೇಕು. ಬೆಕ್ಕಿನಂತೆ ಹೆದರಿಸಿ ನಿಲ್ಲಿಸಬಹುದಲ್ಲ ಎಂದೀರಿ; ಹೆದರಿದವನ ಉಸಿರನ್ನು ನಿಲ್ಲಿಸುವವರಾರು?

ಕ್ಯಾನ್ಸರನ್ನು ಪತ್ತೆಮಾಡುವುದು ಸಾಮಾನ್ಯವಾಗಿ ಎಂಡೋಸ್ಕೋಪಿ. ಹರಡಿಕೆ ನೋಡಲು ಹೆಚ್ಚಾಗಿ ಸಿ.ಟಿ.ಯನ್ನೇ ಮಾಡುತ್ತಾರೆ. ಎಂ.ಆರ್.ಐ. ಎಲ್ಲರಿಗೂ ಬೇಕಾಗದು. ಬೇಕಾದವರಲ್ಲಿ ಅದು ಹೇಳಬೇಕಾದುದು, ಕೆಲವೇ ಮಿಲಿಮೀಟರ್ ದಪ್ಪದ ಗೋಡೆಯಲ್ಲಿ ರೋಗ ಎಷ್ಟು ಆಳಕ್ಕಿಳಿದಿದೆ, ಗೋಡೆಯನ್ನು ದಾಟಿದೆಯೆ ಎಂಬುದನ್ನು. ಮೊದಲು ಕತ್ತಿಯೋ ಔಷಧಿಯೋ ಎಂಬುದನ್ನು ಗೊತ್ತುಮಾಡುವಾಗ ವೈದ್ಯರು ನೋಡುವುದು ಇದನ್ನೇ. ಚಿತ್ರ ಮಸುಕಾದರೆ ಆ ಉಪವಾಸ, ಆ ನೀರು ಮತ್ತೊಂದು ದಿನ ಮೊದಲಿನಿಂದ ಆಗಬೇಕು.

ಯಂತ್ರದ ಬಡಿತದ ಸದ್ದನ್ನು ಮುಂಚಿತವಾಗಿಯೇ ತಿಳಿಸಿ, ಕಿವಿ ಮುಚ್ಚಿ, ರೋಗಿಯ ಕೈಗೊಂದು ರಬ್ಬರ್ ಬುರುಡೆ ಕೊಡುತ್ತಾರೆ. ತಾಳಲಾರೆ ಎನಿಸಿದಾಗ ಅದನ್ನು ಅದುಮಿದರೆ ಹೊರಗಿನವರಿಗೆ ಗೊತ್ತಾಗುತ್ತದೆ.